ಕ್ರೆಡಿಟ್ ಬ್ಯಾಂಕಿನ ಸಾಹೇಬರಿಗೆ ಗರಗದಿಂದ ಒಂದು ಅರ್ಜಿ

ಇವರಿಗೆ,
ಮಾನ್ಯ ಮ್ಯಾನೇಜರ್ ಸಾಹೇಬರು,
ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್,
ದಿಲ್ಲಿ (ಕಟ್ಟಡ ಇಲ್ಲದಿದ್ದರೆ ಇಂಟರ್ನೆಟ್ಟಿನೊಳಗೆ ಎಲ್ಲಿದ್ದೀರೋ ಅಲ್ಲಿ).

ವಿಷಯ: ಗರಗದ ನೂಲುವ, ನೇಯುವ ಹೆಣ್ಣುಮಕ್ಕಳ ಹೆಸರಿನಲ್ಲಿ ಖಾತೆ ತೆರೆದು ಹಳೆಯ ಬಾಕಿಯನ್ನು ಜಮಾ ಮಾಡಿಕೊಳ್ಳುವ ಕುರಿತು.

ಸಾಹೇಬರೇ,

ಧಾರವಾಡ ತಾಲ್ಲೂಕಿನ ಗರಗ ಎಂಬ ಊರು ತಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಸುತ್ತಲಿನವರು ಈ ಊರನ್ನು ಬಲ್ಲದ್ದು ಮಡಿವಾಳಜ್ಜನ ಮಠದಿಂದ. ತಾವು ಬಲ್ಲಿರಬೇಕಾದದ್ದು ಬಟ್ಟೆಯಿಂದ. ರಾಷ್ಟ್ರಧ್ವಜಕ್ಕೆ ಬೇಕಾಗುವ ಖಾದಿಯನ್ನು ದಶಕಗಳಿಂದ ನೂತು ನೇಯ್ದು ಕೊಟ್ಟ ಊರು ಇದು. 1950ರ ದಶಕದಲ್ಲಿ ಹುಟ್ಟಿದ ಇಲ್ಲಿಯ ಕ್ಷೇತ್ರೀಯ ಸೇವಾ ಸಂಘದ ಚರಕ, ಮಗ್ಗಗಳ ಮುಂದೆ ಕೂತವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ನಾನು ನೂಲುವವನಲ್ಲ, ಊರವರಿಗೆ ಅರ್ಜಿ ಬರೆದುಕೊಡುವವ. ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ಸಂಧ್ಯಾ ಸುರಕ್ಷಾ, ಎಲ್ಲದಕ್ಕೂ ಬರೆದಿದ್ದೇನೆ. ಡಿಗ್ರಿ ಕೊಡಿರೆಂದು ಬರೆಯುವುದು ಇದೇ ಮೊದಲು. ಒಕ್ಕಣೆಯಲ್ಲಿ ಏರುಪೇರಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಾಲೇಜಿನ ಹೊರಗೆ ಕಲಿತದ್ದಕ್ಕೂ ಈಗ ಕ್ರೆಡಿಟ್ ಕೊಡುತ್ತೀರಂತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ದಾರಿ ತೋರಿಸಿತು, 2021ರಲ್ಲಿ ಕಲಿಕೆಯ ಕ್ರೆಡಿಟ್ ಕೂಡಿಡುವ ತಮ್ಮ ಬ್ಯಾಂಕು ಹುಟ್ಟಿತು, 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂತು. ‘ಹಿಂದಿನ ಕಲಿಕೆಗೆ ಮಾನ್ಯತೆ’ ಎಂಬ ಕರಡು ಮಾರ್ಗಸೂಚಿಯನ್ನು ಯು.ಜಿ.ಸಿ.ಯೂ ಹೊರಡಿಸಿತು. ಇದನ್ನೆಲ್ಲ ನಮ್ಮ ಓಣಿಯಲ್ಲಿ ನೂಲುವ ಆಯಿಗೆ ಓದಿ ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು:

“ಬ್ಯಾಂಕ್ ಅಂದಿ. ಬಡ್ಡಿ ಎಷ್ಟ್ ಕೊಡ್ತಾರೋ ತಮ್ಮಾ?”

“ಬಡ್ಡಿ ಇಲ್ಲಬೇ ಆಯಿ. ಏಳು ವರ್ಷ ಆದಮ್ಯಾಲ ಇಟ್ಟದ್ದೂ ಇರಂಗಿಲ್ಲ.”

“ಹಂಗಾರ ಅದು ಬ್ಯಾಂಕಲ್ಲ, ಚೀಟಿ ವ್ಯವಹಾರ,” ಎಂದು ಆಕೆ ಹಂಜಿ ಎತ್ತಿಕೊಂಡಳು.

ಆದರೂ ಲೆಕ್ಕ ಹಾಕಿದೆ, ಸಾಹೇಬರೇ. ತಮ್ಮ ಚೌಕಟ್ಟಿನ ಪ್ರಕಾರ ಮೂವತ್ತು ತಾಸಿನ ಕಲಿಕೆಗೆ ಒಂದು ಕ್ರೆಡಿಟ್. ದಿನಕ್ಕೆ ಎಂಟು ತಾಸು, ವರ್ಷಕ್ಕೆ ಮುನ್ನೂರು ದಿನ ಚರಕದ ಮುಂದೆ ಕೂತರೆ 2,400 ತಾಸು, ಅಂದರೆ 80 ಕ್ರೆಡಿಟ್. ಮೂವತ್ತೈದು ವರ್ಷ ನೂತವಳ ಖಾತೆಗೆ 2,800. ಮೂರು ವರ್ಷದ ಡಿಗ್ರಿಗೆ ತಾವು ಕೇಳುವುದು 120. ಇಪ್ಪತ್ಮೂರು ಡಿಗ್ರಿ ಕೊಟ್ಟ ಮೇಲೂ 40 ಕ್ರೆಡಿಟ್ ಉಳಿಯುತ್ತದೆ, ಅದಕ್ಕೊಂದು ವರ್ಷದ ಸರ್ಟಿಫಿಕೇಟು. ಇಪ್ಪತ್ಮೂರು ಡಿಗ್ರಿಯ ಒಬ್ಬ ಪ್ರೊಫೆಸರರನ್ನೂ ನಾನು ಧಾರವಾಡದಲ್ಲಿ ಕಂಡಿಲ್ಲ, ಹಾಗೆ ಮಾತಾಡುವವರನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಆದರೆ ತಮ್ಮ ಬ್ಯಾಂಕಿನ ಕಾನೂನು ಓದುತ್ತ ಹೋದಂತೆ ನನ್ನ ಲೆಕ್ಕ ಕರಗುತ್ತ ಬಂತು. ಖಾತೆದಾರರು ತಾವೇ ಹೋಗಿ ಜಮಾ ಮಾಡುವ ಹಾಗಿಲ್ಲ, ನೋಂದಾಯಿತ ಸಂಸ್ಥೆಯೇ ಅವರ ಪರವಾಗಿ ಹಾಕಬೇಕು. ಹಾಕಿದ್ದು ಏಳು ವರ್ಷ ಮಾತ್ರ ಚಲಾವಣೆ. 1990ರಲ್ಲಿ ನೂತ ನೂಲಿನ ಕಲಿಕೆ ಈ ಲೆಕ್ಕಕ್ಕೆ ಎಂದೋ ಸತ್ತುಹೋಗಿದೆ. ಆದರೆ ಆ ಕೈ ಇವತ್ತೂ ಎಳೆ ಹರಿಯದ ಹಾಗೆ ಎಳೆಯುತ್ತದೆ, ಅದನ್ನು ಯಾವ ಕಲಮಿನ ಕೆಳಗೆ ಹಾಕಬೇಕೋ ತಿಳಿಯದು. ಇನ್ನು ಖಾತೆ ತೆರೆಯಲು ಡಿಜಿಲಾಕರ್, ಆಧಾರ್. ಇಡೀ ಆಯುಷ್ಯ ನೂಲು ಜಾರಿದ ಬೆರಳಲ್ಲಿ ರೇಖೆ ಉಳಿದಿರುವುದಿಲ್ಲ, ಹೆಬ್ಬೆಟ್ಟು ಒತ್ತಿದರೆ ಯಂತ್ರ ಕೆಂಪು ದೀಪ ತೋರಿಸುತ್ತದೆ. ಆಯಿ ಕಲಿತಿದ್ದಾಳೆ ಎಂಬುದಕ್ಕೆ ಇರುವ ಗಟ್ಟಿ ಪುರಾವೆಯೇ ಆಕೆ ಆಕೆಯಲ್ಲ ಎಂದು ಸಾಬೀತು ಮಾಡುತ್ತದೆ. ಇಂಥ ಪರೀಕ್ಷೆಯನ್ನು ನಮ್ಮ ಮಡಿವಾಳಜ್ಜನೂ ಯಾವ ಭಕ್ತನಿಗೂ ಒಡ್ಡಿರಲಿಕ್ಕಿಲ್ಲ.

ಅನುಭವಕ್ಕೆ ತೂಕ ಕೊಟ್ಟಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದರಿಂದ ನಾಲ್ಕು ವರ್ಷದ ಅನುಭವಕ್ಕೆ 1.33, ಏಳರ ತನಕ 1.67, ಅದರಾಚೆಗೆ 2 ಎಂದು ಗುಣಕ ಇಟ್ಟಿದ್ದೀರಿ. ಎಂಟು ವರ್ಷ ನೂತವಳೂ ನಲವತ್ತು ವರ್ಷ ನೂತವಳೂ ಒಂದೇ ದರ್ಜೆ. ಇರಲಿ, ಹಿರಿಯರು ಹೊಂದಿಕೊಳ್ಳುತ್ತಾರೆ. ತೊಡಕು ಬೇರೆ: ಗುಣಿಸಬೇಕಾದರೆ ಮೊದಲು ಮೂಲ ಕ್ರೆಡಿಟ್ ಇರಬೇಕು, ಅದನ್ನು ಯಾರಾದರೂ ಬಂದು ಪರೀಕ್ಷೆ ಮಾಡಿ ಕೊಡಬೇಕು. ಅಲ್ಲಿಯ ತನಕ ಆಯಿಯ ಪಾಲಿಗೆ ಬರುವುದು ಸೊನ್ನೆಯ ಎರಡರಷ್ಟು.

ಪರೀಕ್ಷೆಗೆ ಗರಗ ಹೆದರುವುದಿಲ್ಲ. ನಮ್ಮ ಪಠ್ಯಕ್ರಮದ ಹೆಸರೇ ‘ಐ.ಎಸ್. 1’. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಮೊದಲನೆಯ ನಂಬರು ರಾಷ್ಟ್ರಧ್ವಜದ್ದು, ಸಿಮೆಂಟು ಕಬ್ಬಿಣಗಳೆಲ್ಲ ಆಮೇಲೆ. ನೂಲಿನ ದಪ್ಪ, ಹಾಸು ಹೊಕ್ಕಿನ ಎಳೆಗಳ ಲೆಕ್ಕ, ಬಟ್ಟೆಯ ತೂಕ, ಬಣ್ಣ ನಿಲ್ಲುವ ಗುಣ, ಎಲ್ಲವೂ ಅದರೊಳಗೆ ಬರೆದಿದೆ. ಧ್ವಜದ ಅಳತೆ ಒಂಬತ್ತು ಬಗೆ: ಅತಿ ದೊಡ್ಡದು 21 ಅಡಿ ಉದ್ದ 14 ಅಡಿ ಅಗಲ, ಅತಿ ಚಿಕ್ಕದು ಟೇಬಲ್ಲಿನ ಮೇಲೆ ನಿಲ್ಲುವ ಆರಿಂಚು ನಾಲ್ಕಿಂಚು. ಮೈಬಟ್ಟೆ ಬೇರೆ, ಕಂಬದ ಹಗ್ಗ ಸೇರಿಸುವ ಅಂಚಿನ ದಪ್ಪ ಬಟ್ಟೆ ಬೇರೆ, ಅವುಗಳ ನೇಯ್ಗೆಯೂ ಬೇರೆ. ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ, ಮರುಮೌಲ್ಯಮಾಪನಕ್ಕೆ ಅರ್ಜಿ ಇಲ್ಲ. ಎಳೆ ತಪ್ಪಿದರೆ ಬಟ್ಟೆ ನಪಾಸು, ಕೂಲಿ ಖೋತಾ. ಬಿ.ಎ. ಮೂರನೇ ವರ್ಷದ ಯಾವ ಪತ್ರಿಕೆಯಾದರೂ ಇಷ್ಟು ಬಿಗಿಯಾಗಿದೆಯೋ, ತಾವೇ ಎದೆ ಮುಟ್ಟಿಕೊಂಡು ಹೇಳಬೇಕು.

ಮಾನ್ಯತೆ ಬೇಡುವವರು ಪೋರ್ಟ್‌ಫೋಲಿಯೋ ತರಬೇಕಂತೆ: ಮಾಡಿದ ಕೆಲಸದ ನಮೂನೆ, ಫೋಟೋ, ಪ್ರಮಾಣಪತ್ರ. ನಮ್ಮ ಪೋರ್ಟ್‌ಫೋಲಿಯೋ ದೇಶದ ತುಂಬ ಕಂಬ ಹತ್ತಿದೆ. ಇಲ್ಲಿ ತಯಾರಾದ ಬಟ್ಟೆ ಬೇರೆ ಊರಿಗೆ ಹೋಗಿ ಬಣ್ಣ, ಅಶೋಕ ಚಕ್ರ, ಹೊಲಿಗೆ ಪಡೆದು ಧ್ವಜವಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜ ಹೊಲಿಯುವವರೂ ಬಹುತೇಕ ಹೆಣ್ಣುಮಕ್ಕಳೇ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಕುಲಪತಿಗಳು, ಕುಲಸಚಿವರು, ಡೀನರು ಎಲ್ಲರೂ ಕ್ಯಾಂಪಸ್ಸಿನಲ್ಲಿ ತಲೆಯೆತ್ತಿ, ಎದೆ ಸೆಟೆಸಿ ನಿಲ್ಲುತ್ತಾರಲ್ಲ, ಅವರು ವಂದಿಸುವ ಧ್ವಜಕ್ಕೆ ದಶಕಗಳ ಕಾಲ ಬೇಕಾಗಿದ್ದದ್ದು ಇಂಥ ಕೈಗಳ ನೂಲೇ. ಪಿಎಚ್‌.ಡಿ. ಪ್ರಬಂಧಕ್ಕೆ ಇಷ್ಟು ಗೌರವದಿಂದ ಎದ್ದು ನಿಂತ ಪರೀಕ್ಷಕರ ಹೆಸರು ಯಾರಾದರೂ ಹೇಳಲಿ.

ಇನ್ನೊಂದು ಸಂಗತಿ ನನಗೆ ತಿಳಿಯಲೇ ಇಲ್ಲ. 2022ರಲ್ಲಿ ಯು.ಜಿ.ಸಿ. ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆ ತಂದಿತು. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷ ಪಳಗಿದವರು, ಹಿರಿಯ ಸ್ಥಾನದಲ್ಲಿದ್ದರೆ ಇನ್ನೂ ಒಳ್ಳೆಯದು, ಡಿಗ್ರಿಯ ಹಂಗಿಲ್ಲ. ಆಯಿ ನೂಲಲು ಹತ್ತಿ ಮೂವತ್ತೈದು ವರ್ಷ ಆಗಿದೆ, ಚರಕದ ಕೋಣೆಯಲ್ಲಿ ಕಿಟಕಿ ಪಕ್ಕದ ಜಾಗ ಆಕೆಯದು, ಅಲ್ಲಿ ಅದಕ್ಕಿಂತ ಹಿರಿಯ ಸ್ಥಾನ ಇಲ್ಲ. ಹೀಗಾಗಿ ಆಕೆ ಜವಳಿ ವಿಭಾಗದಲ್ಲಿ ಪ್ರೊಫೆಸರ್ ಆಗಬಹುದು. ಅದೇ ವಿಭಾಗದಲ್ಲಿ ವಿದ್ಯಾರ್ಥಿ ಆಗಬೇಕೆಂದರೆ ಮಾತ್ರ ಪಿ.ಯು.ಸಿ. ಮಾರ್ಕ್ಸ್ ಕಾರ್ಡ್ ತರಬೇಕು.

ನಮ್ಮ ಕಡೆಗೆ ಇದು ಹೊಸದೇನಲ್ಲ. ಗಾಯಕಿ ಗಂಗೂಬಾಯಿ ಹಾನಗಲ್ಲರ ಓದು ಪ್ರಾಥಮಿಕ ಶಾಲೆಗೇ ಮುಗಿದಿತ್ತು. ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕಿಯಾಗಿದ್ದರು. ಈಗ ಮೈಸೂರಿನಲ್ಲಿ ಅವರ ಹೆಸರಿನದೇ ಒಂದು ಸಂಗೀತ ವಿಶ್ವವಿದ್ಯಾಲಯ ಇದೆ. ಐದನೆಯ ಇಯತ್ತೆಯ ಹೊಸ್ತಿಲಲ್ಲಿ ಶಾಲೆ ಬಿಟ್ಟ ಹುಡುಗಿಯೊಬ್ಬಳು ಎಂಥದೇ ಕಿರಾನಾ ಘರಾಣೆಯ ಗಾಯಕಿಯಾಗಿರಲಿ, ಆ ವಿಶ್ವವಿದ್ಯಾಲಯಕ್ಕೆ ಇವತ್ತು ಅರ್ಜಿ ಹಾಕಿದರೆ ಆಕೆಯನ್ನು ಯಾವ ಕೋರ್ಸಿಗೆ ಸೇರಿಸುತ್ತಾರೆ? ಹೆಸರಿಡುವಾಗ ಬೇಡವಾದ ಕಾಗದ ಹೆಸರು ಹಚ್ಚುವಾಗ ಬೇಕಾಗುತ್ತದೆ. ಅಷ್ಟು ದೊಡ್ಡವರಾದ ಮೇಲೆ ಮಾನ್ಯತೆ ಕೊಡುವುದು ಯಾರಿಗೂ ಕಷ್ಟವಲ್ಲ ಬಿಡಿ, ಗೌರವ ಡಾಕ್ಟರೇಟಿನಿಂದ ಕೊಡುವವರಿಗೇ ಹೆಚ್ಚು ಲಾಭ.

ಸರಕಾರ ನಮ್ಮನ್ನು ಪೂರ್ತಿ ಮರೆತಿದೆ ಎಂದೂ ಹೇಳಲಾರೆ. 2023ರ ಸೆಪ್ಟೆಂಬರ್‌ನಲ್ಲಿ ಪಿ.ಎಂ. ವಿಶ್ವಕರ್ಮ ಯೋಜನೆ ಬಂತು. ಬಡಿಗ, ಕಮ್ಮಾರ, ಕುಂಬಾರ, ಸಿಂಪಿಗ, ಹೂ ಕಟ್ಟುವವರು, ಬಲೆ ಹೆಣೆಯುವವರು, ಒಟ್ಟು ಹದಿನೆಂಟು ಕಸುಬು. ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದೆ. ಕೈಮಗ್ಗದವರಿಲ್ಲ. ಬಟ್ಟೆ ಹೊಲಿಯುವವರು ಇದ್ದಾರೆ, ತೊಳೆಯುವವರು ಇದ್ದಾರೆ. ಬಟ್ಟೆ ಮಾತ್ರ ತಾನಾಗಿ ಹುಟ್ಟಿದೆ.

ಹಿಂದಿನ ಕಲಿಕೆಗೆ ಮಾನ್ಯತೆ ಸಲೀಸಾಗಿ ಸಿಕ್ಕ ಒಂದು ಉದಾಹರಣೆ ಗೊತ್ತಿದೆ. ಅದು ಪಾಲಿಯೆಸ್ಟರ್‌ನದು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಆಯಿತು. ಯಂತ್ರದ ಬಟ್ಟೆ, ಪಾಲಿಯೆಸ್ಟರ್ ಬಟ್ಟೆ ಎರಡೂ ರಾಷ್ಟ್ರಧ್ವಜವಾಗಬಹುದು ಎಂದರು. ಮುಂದಿನ ಆಗಸ್ಟಿನಲ್ಲೇ ‘ಹರ್ ಘರ್ ತಿರಂಗಾ’. ಮೂವತ್ತು ತಾಸಿನ ಲೆಕ್ಕ ಕೇಳಲಿಲ್ಲ, ಪೋರ್ಟ್‌ಫೋಲಿಯೋ ಕೇಳಲಿಲ್ಲ, ನೇರ ಅಂತಿಮ ವರ್ಷಕ್ಕೆ ಪ್ರವೇಶ. ಅದರ ಹಿಂದಿನ ಕಲಿಕೆ ಏನಿತ್ತೆಂದು ನಾವು ಕೇಳುವ ಹಾಗಿಲ್ಲ, ಪೆಟ್ರೋಲಿಯಂ ಮನೆತನದ್ದು.

ಒಂದು ಕಾಲಕ್ಕೆ ನೂಲುವುದೇ ಶಾಲೆಯಾಗಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲ ಶಿಕ್ಷಣದ ಮಾತೆತ್ತಿದಾಗ ತಕಲಿ ಹಿಡಿದು ಗಣಿತ ಕಲಿಸಬಹುದು ಎಂದಿದ್ದರು. ಈಗ ಅದೇ ತಕಲಿಯನ್ನು ಗಣಿತಕ್ಕೆ ಸಮ ಎಂದು ಒಪ್ಪಿಸಲು ಸಮಿತಿ ಬೇಕು. ಅತ್ತ ಫ್ರಾನ್ಸಿನಲ್ಲಿ 2002ರ ಕಾನೂನಿನ ಪ್ರಕಾರ, ಮಾಡಿದ ಕೆಲಸದ ಅನುಭವವನ್ನು ಬರೆದು ಒಪ್ಪಿಸಿ ಪರೀಕ್ಷಕರ ಮುಂದೆ ಕೂತರೆ ಪೂರ್ತಿ ಡಿಪ್ಲೊಮಾವನ್ನೇ ಪಡೆಯಬಹುದು. ಒಳ್ಳೆಯ ಕಾನೂನು. ಆದರೆ ‘ಬರೆದು ಒಪ್ಪಿಸಿ’ ಎಂಬಲ್ಲಿಯೇ ನನಗೆ ಅನುಮಾನ: ಕೆಲಸ ಬಲ್ಲವರಿಗಿಂತ ಕೆಲಸದ ಬಗ್ಗೆ ಬರೆಯಬಲ್ಲವರು ಗೆಲ್ಲುತ್ತಾರೆ. ಗರಗದಲ್ಲಿ ಹಾಗೆ ಮಾಡಿದರೆ ಬರೆದುಕೊಡುವವ ನಾನೇ, ಅರ್ಧ ಡಿಗ್ರಿ ಆಯಿಗೆ, ಅರ್ಧ ನನಗೆ. ಇತ್ತ ಡಿಗ್ರಿಯ ವಿಷಯದಲ್ಲಿ ದಿಲ್ಲಿಯದು ಒಂದು ನೀತಿ, 2024ರಿಂದ ಬೆಂಗಳೂರಿನದು ಇನ್ನೊಂದು. ನಾಲ್ಕು ವರ್ಷದ ಡಿಗ್ರಿ ಬಂದ ದಾರಿಯಲ್ಲೇ ಹೋಯಿತು, ಮೂರು ವರ್ಷದ್ದು ಮರಳಿ ಬಂತು. ಎರಡು ಸರಕಾರ ಎರಡು ತುದಿ ಹಿಡಿದು ಜಗ್ಗಿದರೆ ಏನಾಗುತ್ತದೆಂದು ನೂಲುವವರಿಗೆ ಬೇರೆ ಹೇಳಬೇಕಿಲ್ಲ.

ಡಿಗ್ರಿ ತಗೊಂಡು ಆಯಿ ಏನು ಮಾಡುತ್ತಾಳೆ ಎಂದು ತಾವು ಕೇಳಬಹುದು. ಆಕೆಗೇನೂ ಬೇಡ. ಬೇಕಾದದ್ದು ಆಕೆಯ ಮೊಮ್ಮಗಳಿಗೆ. ಅಜ್ಜಿಯ ಪಕ್ಕ ಕೂತು ಲಡಿ ಸುತ್ತಿ, ಕಂಡಿಕಿ ತುಂಬಿ ಬೆಳೆದ ಹುಡುಗಿ ಬೆಳಿಗ್ಗೆ ಬಸ್ ಹಿಡಿದು ಧಾರವಾಡದ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಆಕೆಗೆ ಗೊತ್ತಿರುವ ಒಂದನ್ನೂ ಯಾರೂ ಕೇಳುವುದಿಲ್ಲ. ಆ ಕೆಲಸಕ್ಕೆ ನಾಲ್ಕು ಕ್ರೆಡಿಟ್ ಸಿಕ್ಕಿದ್ದರೆ ಹುಡುಗಿಯರು ಚರಕ ಬಿಟ್ಟು ಓಡುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಕೂಲಿ ಇಷ್ಟೇ ಇದ್ದರೆ ಓಡಿಯೇ ಓಡುತ್ತಾರೆ, ಓಡಬೇಕು ಕೂಡ. ಆದರೆ ಓಡುವಾಗ ತಮಗೆ ಏನೂ ಬಾರದು ಎಂದುಕೊಂಡು ಓಡುವುದು ತಪ್ಪುತ್ತಿತ್ತು.

ಆದ್ದರಿಂದ ಅರ್ಜಿ ಇಷ್ಟೇ. ಪರೀಕ್ಷಕರನ್ನು ಗರಗಕ್ಕೇ ಕಳಿಸಬೇಕು, ಪ್ರಶ್ನೆ ಕನ್ನಡದಲ್ಲಿರಬೇಕು, ಉತ್ತರ ಬಾಯಲ್ಲಿ ಅಲ್ಲ, ಕೈಯಲ್ಲಿ ಕೇಳಬೇಕು. ಮತ್ತು ಪರೀಕ್ಷಕರು ಮೊದಲು ತಾವೊಂದು ಎಳೆ ಹರಿಯದ ಹಾಗೆ ನೂತು ತೋರಿಸಬೇಕು. ಅವರು ಪಾಸಾದರೆ ಆಯಿ ಅವರಿಗೆ ಮೂಲ ಕ್ರೆಡಿಟ್ ಕೊಡುತ್ತಾಳೆ. ಆಮೇಲೆ ಗುಣಿಸಿಕೊಳ್ಳಲಿ.

ಇಂತಿ,
ನೂಲುವವರ ಪರವಾಗಿ,
ಅರ್ಜಿ ಬರೆದುಕೊಡುವವ, ಗರಗ.

ತಾ.ಕ.: ಪರೀಕ್ಷಾ ಶುಲ್ಕ ಎಷ್ಟೆಂದು ಮೊದಲೇ ತಿಳಿಸಬೇಕು, ಸಾಧ್ಯವಾದರೆ ಲಡಿಯ ಲೆಕ್ಕದಲ್ಲಿ. ಒಂದು ಲಡಿ ಎಂದರೆ ಸಾವಿರ ಮೀಟರ್ ನೂಲು. ಅದಕ್ಕೆ 2024ರ ಗಾಂಧಿ ಜಯಂತಿಯಂದು ಹತ್ತು ರೂಪಾಯಿ ಇದ್ದದ್ದು ಹನ್ನೆರಡೂವರೆ ಆಯಿತು, 2025ರ ಏಪ್ರಿಲ್‌ನಿಂದ ಹದಿನೈದು. ಶುಲ್ಕ ಸಾವಿರದ ಐನೂರು ಎಂದಿಟ್ಟುಕೊಂಡರೆ, ಹಿಂದೆ ನೂಲಲು ಕಲಿತಿದ್ದೇನೆ ಎಂದು ಸಾಬೀತು ಮಾಡಲು ಆಯಿ ಇನ್ನೂ ನೂರು ಕಿಲೋಮೀಟರ್ ನೂಲಬೇಕು.