ಎಷ್ಟನೇ ಪಾಲು?

ಹುಣಸೂರಿನ ಬಸ್ ನಿಲ್ದಾಣದಲ್ಲಿ ಯಾರಾದರೂ ‘ಕೋಟೆಗೆ ಎಷ್ಟು?’ ಎಂದರೆ ಅದು ಹೆಗ್ಗಡದೇವನಕೋಟೆಯ ಬಸ್ ಚಾರ್ಜಿನ ವಿಚಾರ. ಪಕ್ಕದಲ್ಲಿ ನಿಂತ ತಂಬಾಕು ಬೆಳೆಗಾರ ‘ಕೋಟಾ ಎಷ್ಟು?’ ಎಂದರೆ ಮಾತು ಸೀದಾ ಗುಂಟೂರಿಗೆ ಹೋಗುತ್ತದೆ. ಮೊದಲನೆಯದು ಕಲ್ಲುಮಣ್ಣಿನದು, ಎರಡನೆಯದು ಲ್ಯಾಟಿನ್ನಿನದು.

ಗುಂಟೂರಿನ ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ. ಕರ್ನಾಟಕ ಎಷ್ಟು ವರ್ಜೀನಿಯಾ ತಂಬಾಕು ಬೆಳೆಯಬಹುದೆಂದು ಪ್ರತಿ ಹಂಗಾಮಿಗೂ ಅದೇ ಗೆರೆ ಎಳೆಯುತ್ತದೆ. ಈಚೀಚೆಗೆ ಆ ಗೆರೆ 10 ಕೋಟಿ ಕಿಲೋ ಆಸುಪಾಸಿನಲ್ಲಿದೆ. ಅದು ಹರಿದು ಹಂಚಿ ಪಿರಿಯಾಪಟ್ಟಣದಲ್ಲಿ ಎಲೆ ಹದ ಮಾಡುವ ಒಂದು ಬ್ಯಾರನ್ನಿನ ಬಾಗಿಲಿಗೆ ಬರುವಷ್ಟರಲ್ಲಿ ಕೋಟಿಯ ಗತ್ತು ಇಳಿದು ಬರೀ ಕೋಟಾ ಆಗಿರುತ್ತದೆ.

ಲ್ಯಾಟಿನ್ನಿನಲ್ಲಿ ‘ಕ್ವೋಟಾ ಪಾರ್ಸ್’ ಎಂದರೆ ‘ಎಷ್ಟನೇ ಪಾಲು?’. ‘ಎಷ್ಟನೇ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ನೆಟ್ಟಗೆ ಒಂದು ಪದವಿಲ್ಲ. ‘ನೆಹರೂ ಎಷ್ಟನೇ ಪ್ರಧಾನಿ?’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಎಂದರೆ ಮೇಷ್ಟ್ರುಗಳೇ ಬೆವರುತ್ತಾರೆ. ಹಳೆಯ ರೋಮಿನವನಾದರೆ ‘ಕ್ವೋಟುಸ್’ ಎಂದು ಒಂದೇ ಪದದಲ್ಲಿ ಮುಗಿಸುತ್ತಿದ್ದ. ಅವನೂ ಕಂಪಲಾಪುರದ ಹರಾಜುಕಟ್ಟೆಯ ರೈತನೂ ಎದುರಾದರೆ ಈ ಒಂದು ಪ್ರಶ್ನೆಗೆ ದುಭಾಷಿ ಬೇಕಾಗಲಿಕ್ಕಿಲ್ಲ. ತಬ್ಬಿಬ್ಬಾಗುವವನು ನಡುವೆ ನಿಂತ ಇಂಗ್ಲಿಷಿನವನೇ.

ರೋಮಿನಿಂದ ಹೊರಬಿದ್ದ ಮೇಲೆ ಪದ ಊರಿಗೊಂದು ವೇಷ ಹಾಕಿತು. ಇಟಲಿಯಲ್ಲಿ ‘ಕ್ವೋಟಾ’ ಪಾಲೂ ಹೌದು, ಎತ್ತರವೂ ಹೌದು: ವಿಮಾನ ಕೆಳಗಿಳಿದರೆ ಅದು ‘ಕ್ವೋಟಾ ಕಳೆದುಕೊಂಡಿತು’. ಸ್ಪೇನಿನಲ್ಲಿ ‘ಕುವೋಟಾ’ ಸಾಲದ ಕಂತು. ಮೆಕ್ಸಿಕೋದ ಹೆದ್ದಾರಿ ಫಲಕದಲ್ಲಿ ಅದೇ ಪದ ಕಂಡರೆ ಮುಂದೆ ಟೋಲ್ ಇದೆ, ಚಿಲ್ಲರೆ ತೆಗೆದಿಟ್ಟುಕೊಳ್ಳಬೇಕು. ಜರ್ಮನಿಯ ಟಿವಿಯವರಿಗೆ ‘ಕ್ವೋಟೆ’ ಎಂದರೆ ನಮ್ಮವರು ಗುರುವಾರ ಎದೆ ಬಡಿದುಕೊಂಡು ಕಾಯುವ ಟಿಆರ್‌ಪಿ. ಸಿಮೆಂಟ್ ಅಂಗಡಿಯವನು ಬರೆದುಕೊಡುವ ‘ಕೊಟೇಶನ್’ ಕೂಡ ಇದೇ ವಂಶದ ಕುಡಿ.

ನಮ್ಮಲ್ಲೂ ಅದು ಸುಮ್ಮನೆ ಕೂತಿಲ್ಲ. ರೈಲಿನಲ್ಲಿ ತತ್ಕಾಲ್ ಕೋಟಾ, ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾ, ಕೆಲಸಕ್ಕೆ ಕ್ರೀಡಾ ಕೋಟಾ. ಕೆ.ಆರ್. ನಗರದ ಮದುವೆಮನೆಯಲ್ಲಿ ಮೂರನೇ ಹೋಳಿಗೆಗೆ ಕೈಚಾಚಿದ ಸಕ್ಕರೆ ಕಾಯಿಲೆಯ ಗಂಡನಿಗೆ ಹೆಂಡತಿ ‘ನಿಮ್ಮ ಕೋಟಾ ಮುಗೀತು’ ಎಂದರೆ ಆ ಆದೇಶಕ್ಕೆ ಮೇಲ್ಮನವಿಯಿಲ್ಲ.

ತಂಬಾಕಿಗೆ ಮಾತ್ರ ಮೇಲ್ಮನವಿ ಉಂಟು. ಮುಂಗಾರು ಮಂಡಳಿಯ ಸುತ್ತೋಲೆ ಓದಿಕೊಂಡು ಸುರಿಯುವುದಿಲ್ಲ. ಮಳೆ ಹದವಾಗಿ ಬಿದ್ದ ವರ್ಷ ಎಲೆ ಗೆರೆ ದಾಟಿಬಿಡುತ್ತದೆ. ಹೆಚ್ಚುವರಿ ಬೇಲುಗಳಿಗೆ ದಂಡ ಬೀಳುತ್ತದೆ. ದಂಡ ಮನ್ನಾ ಮಾಡಿ ಎಂಬ ಮನವಿ ಕಟ್ಟೆಮಳಲವಾಡಿಯಿಂದ ದಿಲ್ಲಿಗೆ ಹೊರಡುತ್ತದೆ, ಕೆಲವು ವರ್ಷ ಮನ್ನಾ ಆಗುವುದೂ ಇದೆ. ಆದ ದಿನ ಸುದ್ದಿ ತಂದವನನ್ನು ಟೀ ಅಂಗಡಿಯಲ್ಲಿ ಕೂತವರೆಲ್ಲ ಕೇಳುವುದು ಒಂದೇ: ‘ಪೂರಾನಾ, ಅರ್ಧಾನಾ?’