ಗಾಲಿಕುರ್ಚಿ ಮಹಾತ್ಮೆ

ಅಮೆರಿಕೆಯಲ್ಲಿರುವ ಮಗಳ ಬಾಣಂತನಕ್ಕೆಂದು ಹೊರಟುನಿಂತ ಕನ್ನಡ ದಂಪತಿಗಳಲ್ಲಿ ಒಬ್ಬರಿಗಾದರೂ ಟಿಕೆಟ್ಟು ಕೈಸೇರಿದ ದಿನವೇ ಮಂಡಿನೋವು ಕಾಣಿಸಿಕೊಳ್ಳುವುದು ಈಚೆಗೆ ಪ್ರಕೃತಿನಿಯಮವೇ ಆಗಿಬಿಟ್ಟಿದೆ. ನಿತ್ಯವೂ ಪ್ರಾತಃಕಾಲದಲ್ಲಿ ಲಾಲ್‌ಬಾಗಿನ ಬಂಡೆಯನ್ನು ಹತ್ತಿಳಿದು, ಗಾಂಧಿಬಜಾರಿನಲ್ಲಿ ಸೊಪ್ಪಿನವಳೊಡನೆ ನಿಂತ ನಿಲುವಿನಲ್ಲೇ ಅರ್ಧ ಗಂಟೆ ವಾದಿಸಿ, ಎರಡು ಕೈಗಳಲ್ಲೂ ಚೀಲ ತೂಗಿಸಿಕೊಂಡು ಮನೆಗೆ ನಡೆದೇ ಬರುವ ನನ್ನ ಧರ್ಮಪತ್ನಿಗೂ ಈ ವ್ಯಾಧಿಯು ತಗುಲಿತು. ರೋಗನಿದಾನ ಮಾಡಿದವಳು ಶಿಕಾಗೋದಲ್ಲಿರುವ ನಮ್ಮ ಮಗಳು, ಅದೂ ಫೋನಿನಲ್ಲಿ.

"ಅಮ್ಮಾ, ನಿಂಗೆ ವೀಲ್‌ಚೇರ್ ಹಾಕ್ಸಿದೀನಿ. ಫ್ರಾಂಕ್‌ಫರ್ಟಲ್ಲಿ ವಿಮಾನ ಬದಲಾಯಿಸ್ಬೇಕು. ಸುಮ್ನೆ ಕೂತ್ಕೋ, ಅವರೇ ಕರ್ಕೊಂಡು ಹೋಗ್ತಾರೆ."

"ನನ್ನ ಕಾಲಿಗೇನಾಗಿದೆಯೇ?"

"ತೊಂದರೆ ಕಾಲಿಂದಲ್ಲಮ್ಮ, ದಾರಿದು."

ಈ ಉತ್ತರದಲ್ಲಿ ಅಡಗಿದ್ದ ತತ್ತ್ವವು ಫ್ರಾಂಕ್‌ಫರ್ಟಿನಲ್ಲಿ ಇಳಿದ ಮೇಲೆ ನನಗೆ ವಿಶದವಾಯಿತು. ನಮ್ಮ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಅಕ್ಷರಶೂನ್ಯನಾದವನು ಕೂಡ "ಸ್ವಾಮೀ, ತುಮಕೂರಿನ ಬಸ್ಸು ಎಲ್ಲಿ ನಿಲ್ಲುತ್ತೆ?" ಎಂದರೆ ನಾಲ್ವರು ನಾಲ್ಕು ದಿಕ್ಕು ತೋರಿಸುತ್ತಾರೆ, ಐದನೆಯವರು ಜೊತೆಗೇ ನಡೆದುಬಂದು ಹತ್ತಿಸುತ್ತಾರೆ. ಆ ವಿಮಾನನಿಲ್ದಾಣದಲ್ಲಾದರೋ ಮನುಷ್ಯನು ಮನುಷ್ಯನನ್ನು ಏನನ್ನೂ ಕೇಳಬಾರದೆಂಬ ಸಂಕಲ್ಪದಿಂದಲೋ ಎಂಬಂತೆ ಎಲ್ಲೆಲ್ಲಿಯೂ ಬಾಣದ ಗುರುತುಗಳನ್ನೇ ನೆಟ್ಟಿದ್ದಾರೆ. ಇಂಗ್ಲಿಷ್ ವರ್ಣಮಾಲೆಯಲ್ಲಿ ಝಡ್ ಎಂಬುದು ಕಟ್ಟಕಡೆಯದೆಂದು ಮಾಧ್ಯಮಿಕ ಶಾಲೆಯಲ್ಲಿ ಏಟು ತಿಂದು ಕಲಿತವನು ನಾನು. ಅಲ್ಲಿ ಅದು ಎ ಎಂಬುದರ ನೆತ್ತಿಯ ಮೇಲೆಯೇ ಇದೆ. ಷೆಂಗೆನ್ ಒಪ್ಪಂದದ ದೇಶಗಳಿಗೆ ಹೋಗುವವರು ಕೆಳಗಿನ ಎ ದ್ವಾರಗಳಿಗೂ, ಅಮೆರಿಕೆಯಂತಹ ಹೊರಗಿನ ದೇಶಗಳಿಗೆ ಹೋಗುವವರು ಅದರ ಮೇಲಂತಸ್ತಿನ ಝಡ್ ದ್ವಾರಗಳಿಗೂ ಹೋಗತಕ್ಕದ್ದೆಂಬ ಈ ವ್ಯವಸ್ಥೆಯು ತಿಳಿದ ಬಳಿಕ ಸುಲಭವೇ. ತಿಳಿಯುವವರೆಗಿನ ಅಲೆದಾಟಕ್ಕೆ ಮಾತ್ರ ಗಟ್ಟಿ ಮಂಡಿ ಬೇಕು.

ಗಾಲಿಕುರ್ಚಿಗೂ ತನ್ನದೇ ಆದ ಶಾಸ್ತ್ರವುಂಟು. ಮೆಟ್ಟಿಲು ಹತ್ತಬಲ್ಲರು ಆದರೆ ದೂರ ನಡೆಯಲಾರರು ಎಂಬವರು ಒಂದು ವರ್ಗ. ಮೆಟ್ಟಿಲನ್ನೂ ಹತ್ತಲಾರರು, ವಿಮಾನದೊಳಗೆ ಮಾತ್ರ ನಡೆದಾರು ಎಂಬವರು ಇನ್ನೊಂದು. ಆಸನದವರೆಗೂ ಸಾಗಿಸಿಯೇ ಕೂರಿಸಬೇಕಾದವರು ಮೂರನೆಯದು. ವಿಮಾನ ಕಂಪನಿಗಳ ದಫ್ತರದಲ್ಲಿ ಇವರಿಗೆ ಕ್ರಮವಾಗಿ ಆರ್, ಎಸ್, ಸಿ ಎಂಬ ಸಂಕೇತಾಕ್ಷರಗಳುಂಟು. ಅಮೆರಿಕೆಯ 1986ರ ಕಾಯಿದೆಯ ಮತ್ತು ಐರೋಪ್ಯ ಒಕ್ಕೂಟದ 2006ರ ನಿಯಮಾವಳಿಯ ಪ್ರಕಾರ ಈ ಸೇವೆಗೆ ಶುಲ್ಕವಿಲ್ಲ. ಶುಲ್ಕವಿಲ್ಲವೆಂಬ ಮಾತು ಕನ್ನಡಿಗರ ಕಿವಿಗೆ ಬಿದ್ದ ಮೇಲೆ ಮೊದಲನೆಯ ವರ್ಗವು ಹೇಗೆ ವೃದ್ಧಿಯಾಯಿತೆಂಬುದನ್ನು ವಿವರಿಸಬೇಕಾಗಿಲ್ಲ.

ಫ್ರಾಂಕ್‌ಫರ್ಟಿನ ಬಾಗಿಲಲ್ಲೇ ಆರಡಿ ಎತ್ತರದ ಯುವಕನೊಬ್ಬನು ಫಲಕ ಹಿಡಿದು ಕಾದಿದ್ದನು. ನನ್ನಾಕೆಯು ರೇಷ್ಮೆಯಂಚಿನ ಸೀರೆಯ ನೆರಿಗೆಗಳನ್ನು ಸರಿಪಡಿಸಿಕೊಂಡು, ಮಡಿಲಲ್ಲಿ ಕೈಚೀಲವನ್ನಿಟ್ಟುಕೊಂಡು, ರಥೋತ್ಸವದ ದೇವಿಯಂತೆ ಆಸೀನಳಾದಳು. ಮರುಕ್ಷಣದಲ್ಲೇ ಅವನು ಹೊರಟ ವೇಗವನ್ನು ಕಂಡು ನಾನು ದಿಗ್ಭ್ರಾಂತನಾದೆನು. ಒಂದು ಹೆಗಲಿನಲ್ಲಿ ನನ್ನ ಚೀಲ, ಇನ್ನೊಂದರಲ್ಲಿ ಅವಳ ಚೀಲ, ಹಲ್ಲುಗಳ ನಡುವೆ ಪಾಸ್‌ಪೋರ್ಟು. ಲಿಫ್ಟಿನಿಂದ ಓಣಿಗೆ, ಓಣಿಯಿಂದ ಚಾಲಕನಿಲ್ಲದ ರೈಲಿಗೆ, ರೈಲಿನಿಂದ ಮತ್ತೊಂದು ಲಿಫ್ಟಿಗೆ ನಾನು ಧಾವಿಸುತ್ತಿರಲಾಗಿ, ಮುಂದಿನಿಂದ "ರೀ, ಬೇಗ ಬನ್ನಿ, ಈ ಹುಡುಗನಿಗೆ ತಡವಾಗುತ್ತಂತೆ" ಎಂಬ ಅಪ್ಪಣೆಯು ತೇಲಿಬರುತ್ತಿತ್ತು. ಅವನಿಗೆ ಕನ್ನಡ ಬಾರದು, ಇವಳಿಗೆ ಜರ್ಮನ್ ಬಾರದು. ಹಾಗಿದ್ದೂ ಅವನಿಗೆ ತಡವಾಗುತ್ತದೆಂಬುದು ಇವಳಿಗೆ ತಿಳಿದದ್ದು ಹೇಗೆಂಬುದನ್ನು ನಾನು ಇಂದಿಗೂ ಅರಿಯೆನು. ಝಡ್ ದ್ವಾರವನ್ನು ಮುಟ್ಟುವ ಹೊತ್ತಿಗೆ ನಿಜವಾದ ಮಂಡಿನೋವು ನನಗೆ ಪ್ರಾಪ್ತವಾಗಿತ್ತು.

ಶಿಕಾಗೋದಲ್ಲಿ ಮತ್ತೊಂದು ಪರೀಕ್ಷೆ. ಪೆಟ್ಟಿಗೆಗಳು ಬರುವ ಪಟ್ಟೆಯ ಬಳಿಯಲ್ಲಿ ಉದ್ದ ಕಿವಿಯ ಬೀಗಲ್ ನಾಯಿಯೊಂದು ಅಂಗಿ ತೊಟ್ಟು ಸಂಚರಿಸುತ್ತಿತ್ತು. ಹೊರದೇಶದ ಹಣ್ಣುಕಾಯಿಗಳನ್ನು ಮೂಸಿ ಹಿಡಿಯುವ ಈ ಪಡೆಯು 1984ರಲ್ಲಿ ಲಾಸ್ ಏಂಜಲಿಸ್ ನಿಲ್ದಾಣದಲ್ಲಿ ಆರಂಭವಾದದ್ದು. ಹಸಿ ಕರಿಬೇವಿನ ಎಲೆಗೂ ಅಲ್ಲಿ ಪ್ರವೇಶವಿಲ್ಲ. ಕಿತ್ತಳೆ ನಿಂಬೆಯ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಕೀಟವು ಅದರಲ್ಲಿ ನೆಲಸುತ್ತದಂತೆ. ನಮ್ಮ ಪೆಟ್ಟಿಗೆಯಲ್ಲಿ ಹುಳಿಪುಡಿ, ಚಟ್ನಿಪುಡಿ, ಬಾಣಂತಿಯ ಅಂಟಿನುಂಡೆಗಳಿದ್ದುವೇ ಹೊರತು ಹಸಿರೆಂಬುದಿರಲಿಲ್ಲ. ಆದರೂ ನಾಯಿಯು ಸಮೀಪಿಸಲು, ಮೆಟ್ಟಿಲು ಹತ್ತಬಲ್ಲರು ದೂರ ನಡೆಯಲಾರರು ಎಂಬ ವರ್ಗಕ್ಕೆ ಸೇರಿದ ನನ್ನಾಕೆಯು, ಅರಿಸಿನ ಕುಂಕುಮವಿದ್ದ ಕೈಚೀಲಕ್ಕೆ ಮೈಲಿಗೆಯಾಗದಿರಲೆಂದು ಎರಡು ಕಾಲುಗಳನ್ನೂ ಚಂಗನೆ ಕುರ್ಚಿಯ ಮೇಲೆ ಮಡಿಸಿ ಪದ್ಮಾಸನ ಹಾಕಿದಳು. ಕುರ್ಚಿ ತಳ್ಳುತ್ತಿದ್ದ ಹೆಂಗಸು ಆ ಮಂಡಿಗಳನ್ನು ದಿಟ್ಟಿಸಿದಳು, ಏನೂ ಹೇಳಲಿಲ್ಲ. ನಾಯಿಯು ನಮ್ಮನ್ನು ದಾಟಿಹೋಗಿ, ಪಕ್ಕದವರ ಚೀಲದೆದುರು ಶಿಷ್ಟನಂತೆ ಕುಳಿತಿತು. ಅದರೊಳಗಿಂದ ಮಾವಿನಹಣ್ಣುಗಳು ಹೊರಬಂದುವು. ವ್ಯಾಪಾರದ ಮೂಲಕ ಬರುವ ಭಾರತದ ಮಾವಿಗೆ 2007ರಿಂದ ಅಲ್ಲಿ ಅನುಮತಿಯಿದ್ದರೂ, ಮೊದಲು ವಿಕಿರಣದ ಸಂಸ್ಕಾರವಾಗಿರಬೇಕು. ಅಜ್ಜಿಯ ಪ್ರೀತಿಯೊಂದೇ ಸಾಲದು.

ನಿಜಕ್ಕೂ ನಡೆಯಲಾರದವರು ಕುರ್ಚಿಗಾಗಿ ಕಾದು ಕುಳಿತಿರುವಾಗ ನಡೆಯಬಲ್ಲವರು ಅದನ್ನೇರುವುದು ಧರ್ಮವಲ್ಲವೆಂದು ಆ ರಾತ್ರಿ ನಾನು ಉಪದೇಶಿಸಿದೆನು. ಆರ್, ಎಸ್, ಸಿ ಎಂಬ ಮೂರರ ಜೊತೆಗೆ, ಕಾಲು ಗಟ್ಟಿಯಾಗಿದ್ದು ದಾರಿಯಷ್ಟೇ ತಿಳಿಯದವರದೆಂಬ ನಾಲ್ಕನೆಯ ವರ್ಗವೊಂದನ್ನು ಸೃಷ್ಟಿಸಬೇಕೆಂದೂ, ಅವರಿಗೆ ಗಾಲಿಯೂ ಬೇಡ, ಕುರ್ಚಿಯೂ ಬೇಡ, ಜೊತೆಯಲ್ಲಿ ನಡೆದುಬರುವ ಒಬ್ಬ ಮನುಷ್ಯನು ಸಾಕೆಂದೂ, ಬಾಣದ ಗುರುತನ್ನು ನಂಬದ ನಮ್ಮವರು ಮನುಷ್ಯನ ಮುಖವನ್ನು ನಂಬಿ ಭೂಮಂಡಲದ ಆಚೆಗೂ ಹೋಗಬಲ್ಲರೆಂದೂ ಸಾವಧಾನವಾಗಿ ಪ್ರತಿಪಾದಿಸುತ್ತಿರುವಾಗಲೇ ಬೆಂಗಳೂರಿನಿಂದ ಬೀಗಿತ್ತಿಯವರ ಫೋನು ಬಂದಿತು. ಮುಂದಿನ ಸರದಿ ಅವರದು. ನನ್ನಾಕೆಯು ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಲೇ ಹೇಳಿದಳು:

"ವೀಲ್‌ಚೇರು ಖಂಡಿತ ಬರೆಸಿ. ಆದರೆ ಎರಡು ಬರೆಸಿ. ಒಂದರಿಂದ ಯಜಮಾನರಿಗೆ ಬಹಳ ತೊಂದರೆ."