ಚಪ್ಪಡಿಯ ಬಾಣಂತನ

ಬೆಳಗಿನ ಜಾವ ಮೂರು ಗಂಟೆಗೆ ಮಗನ ಮನೆ ಮುಂದೆ ಗಡಗಡ ಸದ್ದು. ಕಳ್ಳರಿರಬೇಕೆಂದು ಎದ್ದು ನೋಡಿದರೆ ಕಾಂಕ್ರೀಟ್ ಲಾರಿ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ, ಬೀದಿಯಿಂದ ಗ್ಯಾರೇಜಿನವರೆಗೆ ಕಾರು ಹತ್ತುವ ದಾರಿಗೆ, ಅಂದರೆ ಡ್ರೈವ್‌ವೇಗೆ, ಜುಲೈ ತಿಂಗಳಲ್ಲಿ ಇದೇ ಶುಭಮುಹೂರ್ತವಂತೆ.

"ಹಗಲು ಹೊತ್ತು ಹಾಕಿದರೆ ಏನೋ ಕಷ್ಟ?" ಎಂದೆ.

"ಅಪ್ಪಾ, ಅದಕ್ಕೆ ಬಿಸಿಲು ತಡೆಯಲ್ಲ."

ನಾನು ಬಳ್ಳಾರಿಯವನು. ಬಿಸಿಲು ತಡೆಯದ ಜನರನ್ನು ಕಂಡಿದ್ದೇನೆ, ಸಿಮೆಂಟನ್ನು ಕಂಡಿರಲಿಲ್ಲ. ಆದರೆ ಮಗನ ಮಾತು ಸುಳ್ಳಲ್ಲ. 2023ರಲ್ಲಿ ಈ ಊರು ಸತತ 31 ದಿನ 43 ಡಿಗ್ರಿ ದಾಟಿ ಕುದಿದಿತ್ತು. ಕಾಂಕ್ರೀಟು ಒಣಗಿ ಗಟ್ಟಿಯಾಗುವ ಪದಾರ್ಥವಲ್ಲ, ನೀರು ಕುಡಿದು ಗಟ್ಟಿಯಾಗುವಂಥದ್ದು. ಮರುಭೂಮಿಯ ಒಣಗಾಳಿ ಆ ನೀರನ್ನು ಮೇಲಿಂದಲೇ ಹೀರಿಬಿಟ್ಟರೆ, ಹಸಿಯಿರುವಾಗಲೇ ಮೈ ಸುಕ್ಕುಗಟ್ಟಿ ಸೀಳುತ್ತದೆ. ಅದಕ್ಕೇ ಈ ಬಾಣಂತನ. ಕಲಸುವ ನೀರಿಗೆ ಮಂಜುಗಡ್ಡೆ. ಸುರಿಯುವ ಮುನ್ನ ನೆಲಕ್ಕೆ ತಣ್ಣೀರು. ಸುರಿದ ಮೇಲೆ ಒದ್ದೆ ಗೋಣಿತಟ್ಟು, ಇಲ್ಲವೇ ಬಿಸಿಲನ್ನು ಹಿಂದಕ್ಕಟ್ಟುವ ಬಿಳಿ ಲೇಪ. ವಾರದವರೆಗೆ ಕಾರು ಹತ್ತಿಸುವ ಹಾಗಿಲ್ಲ. ಪೂರ್ತಿ ಶಕ್ತಿಯ ಲೆಕ್ಕ ನೋಡುವುದು 28ನೇ ದಿನಕ್ಕೆ.

ಈ ಸೀಮೆಯಲ್ಲಿ ಸಿಮೆಂಟಿನ ಮುದ್ದು ಹಳೆಯದು. ಅರಿಜೋನಾ ಗಡಿಯ ಹೂವರ್ ಅಣೆಕಟ್ಟನ್ನು ಕಟ್ಟುವಾಗ, 1930ರ ದಶಕದಲ್ಲಿ, ಅದರ ಹೊಟ್ಟೆಯೊಳಗೆ 900 ಕಿಲೋಮೀಟರಿಗೂ ಹೆಚ್ಚು ಕೊಳವೆ ಹಾಕಿ ತಣ್ಣೀರು ಹರಿಸಿದ್ದರು. ಇಲ್ಲದಿದ್ದರೆ ಅದು ತಾನಾಗಿ ತಣ್ಣಗಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಿತ್ತು.

ಮೇಸ್ತ್ರಿ ತಳ್ಳುಗಾಡಿಯ ಕಾಂಕ್ರೀಟಿಗೆ ಥರ್ಮಾಮೀಟರ್ ಚುಚ್ಚಿದ. ಕೂಸಿನ ಕಂಕುಳಲ್ಲಿಟ್ಟ ಹಾಗೆ ಉಸಿರು ಹಿಡಿದು ಕಾದ. ಬೇಸಿಗೆ ಕಾಂಕ್ರೀಟಿಗೆಂದೇ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನವರು ಬರೆದಿಟ್ಟ ಮಿತಿ 35 ಡಿಗ್ರಿ. 32 ಬಂತು. ಎಲ್ಲರಿಗೂ ಸಮಾಧಾನ. ಮೇಸ್ತ್ರಿ ಅದನ್ನು ಒರೆಸಿ ಜೇಬಿಗಿಟ್ಟ. ಪಕ್ಕದಲ್ಲಿ ಬೆವರಿಳಿಸುತ್ತ ಮಟ್ಟಗೋಲು ಎಳೆಯುತ್ತಿದ್ದ ನಾಲ್ವರ ಕಡೆ ಅದು ತಿರುಗಲಿಲ್ಲ.

ತಿರುಗಿ ಏನು ಮಾಡಬೇಕು? ಕಾಂಕ್ರೀಟಿಗೆ ಅಂಕಿ ಇದೆ, ಕೂಲಿಯವನಿಗಿಲ್ಲ. ಇಷ್ಟು ಡಿಗ್ರಿಗೆ ನೆರಳು, ಇಷ್ಟು ಡಿಗ್ರಿಗೆ ವಿರಾಮ ಎನ್ನುವ ನಿಯಮದ ಕರಡನ್ನು ಅಮೆರಿಕ ಸರ್ಕಾರ 2024ರಲ್ಲಿ ಸುರಿಯಿತು. ನಾನಿದನ್ನು ಬರೆಯುವ ಹೊತ್ತಿಗೂ ಸೆಟ್ ಆಗಿಲ್ಲ. ದುಬೈ ಕಡೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಪ್ರಜಾಪ್ರಭುತ್ವ ಇಲ್ಲದ ಕಡೆ ಗಡಿಯಾರವಾದರೂ ಇದೆ. ನಮ್ಮ ಬಳ್ಳಾರಿ ನೋಡಿ ನಗಬೇಡಿ. ನಮ್ಮಲ್ಲಿ ನಡುಮಧ್ಯಾಹ್ನವೇ ಮೋಲ್ಡ್ ಹಾಕುತ್ತೇವೆ. ಚಪ್ಪಡಿಗೂ ಆಳಿಗೂ ಒಂದೇ ನ್ಯಾಯ, ಇಬ್ಬರೂ ಬಿರಿಯಲಿ. ಆದರೆ ಮೋಲ್ಡಿನ ದಿನ ಆಳುಗಳಿಗೆ ಊಟ ಹಾಕುತ್ತೇವೆ. ಇಲ್ಲಿ ಅದನ್ನು ಕೇಳಿದ್ದಕ್ಕೆ ಮಗ, "ಅಪ್ಪಾ, ಅದೆಲ್ಲ ಕಾಂಟ್ರಾಕ್ಟಿನಲ್ಲಿಲ್ಲ" ಎಂದ.

ಗ್ಯಾರಂಟಿ ಏನು ಕೊಡುತ್ತೀರಿ ಎಂದು ಕೇಳಿಸಿದೆ. "ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ, ಯಾರೂ ಕದಿಯುವುದಿಲ್ಲ" ಎಂದ ಮೇಸ್ತ್ರಿ. ಬಿರುಕು ಹೇಗೂ ತಪ್ಪಿದ್ದಲ್ಲವೆಂದು ನಾಲ್ಕಿಂಚು ದಪ್ಪದ ಚಪ್ಪಡಿಗೆ ಎಂಟು-ಹತ್ತು ಅಡಿಗೊಮ್ಮೆ ಒಂದಿಂಚು ಆಳದ ಗೆರೆ ಕೊಯ್ಯುತ್ತಾರೆ. ಬಿಡುವುದಿದ್ದರೆ ಇಲ್ಲೇ ಬಿಡು, ಸಾಲಾಗಿ ಬಿಡು ಎಂದು. ಶಿಸ್ತಿನ ದೇಶ.

ಒಂಬತ್ತೂವರೆ ಆಯಿತು. ನಾನು ಕಿಟಕಿಯೊಳಗೆ, ಏಸಿಯಲ್ಲಿ. ಹೊರಗೆ ಒದ್ದೆ ಗೋಣಿತಟ್ಟು ಹಾಸುತ್ತಿದ್ದ ಹುಡುಗ ಅದರ ತುದಿಯನ್ನು ಒಂದು ಕ್ಷಣ ಕತ್ತಿನ ಹಿಂದೆ ಒತ್ತಿಕೊಂಡ. ಮೇಸ್ತ್ರಿ ಸ್ಪ್ಯಾನಿಷಿನಲ್ಲಿ ಏನೋ ಕೂಗಿದ. ನನಗೆ ಸ್ಪ್ಯಾನಿಷ್ ಬಾರದು, ಮೇಸ್ತ್ರಿಗಳ ಭಾಷೆ ಬರುತ್ತದೆ. "ಅದು ಚಪ್ಪಡಿಗೆ ಕಣೋ, ನಿನಗಲ್ಲ."

ಹುಡುಗ ತಟ್ಟನ್ನು ಕೆಳಗಿಳಿಸಿ, ಮಲಗಿದ ಮಗುವಿಗೆ ಹೊದಿಸಿದ ಹಾಗೆ ಅಂಚು ಸರಿಮಾಡಿದ.